ವಯಸ್ಸಾದ ಮೇಲೂ ಮರಗೆಲಸ: ಕೈ ಉಳಿಸಿಕೊಂಡು ಮುಂದುವರಿಸುವುದು ಹೇಗೆ?

ಎರಡು ವರ್ಷದ ಹಿಂದೆ ಒಂದು ಸಂಜೆ. ಒಂದು ಮರದ ಪೆಟ್ಟಿಗೆಯ ಮುಚ್ಚಳ ಮುಗಿಯುತ್ತಾ ಬಂದಿತ್ತು. ಮೂಲೆಯಲ್ಲಿ ಕಾಗದದಷ್ಟು ತೆಳುವಾದ ಒಂದು ಪದರ ತೆಗೆದರೆ ಆಯಿತು, ಅಷ್ಟೇ. ಅಷ್ಟಕ್ಕೆ ಮರವನ್ನು ಮೇಜಿಗೆ ಬಿಗಿಯುವ ಕ್ಲಾಂಪ್ ಯಾಕೆ ಅಂತ ಮುಚ್ಚಳವನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಉಳಿ ತಳ್ಳಿದೆ. ಉಳಿ ಜಾರಿತು. ನೋವು ಗೊತ್ತೇ ಆಗಲಿಲ್ಲ, ಮೊದಲು ಕಂಡಿದ್ದು ಮುಚ್ಚಳದ ಮೇಲೆ ಬಿದ್ದ ಕೆಂಪು ಹನಿಗಳು. ಎಡಗೈ ತೋರುಬೆರಳಿನ ಬುಡ ಸೀಳಿತ್ತು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದೆ, ಹಾಗಾಗಿ ಒತ್ತಿ ಹಿಡಿದರೂ ಬೇಗ ನಿಲ್ಲಲಿಲ್ಲ. ಫೋನ್ ಕೋಣೆಯ ಆ ಕಡೆ ಚಾರ್ಜಿಗೆ ಹಾಕಿತ್ತು. ಬಾಗಿಲಿಗೆ ನಾನೇ ಒಳಗಿಂದ ಚಿಲಕ ಹಾಕಿಕೊಂಡಿದ್ದೆ.

ಮರವನ್ನು ಕೈಯಲ್ಲಿ ಹಿಡಿದು ಉಳಿ ತಳ್ಳುವುದನ್ನು ನಲವತ್ತು ವರ್ಷದಿಂದ ಮಾಡಿಕೊಂಡು ಬಂದಿದ್ದೆ. ಏನೂ ಆಗಿರಲಿಲ್ಲ. ಆದರೆ ಆ ನಲವತ್ತು ವರ್ಷವೂ ಜಾರಿದ ಉಳಿಯನ್ನು ಥಟ್ಟನೆ ತಡೆಯುವ ಮುಂಗೈ ಇತ್ತು, ನೆರಳಲ್ಲೂ ಗೆರೆ ಕಾಣುವ ಕಣ್ಣಿತ್ತು. ಕೈಗೆ ಹಳೆಯ ವೇಗ ಈಗಲೂ ನೆನಪಿದೆ, ಆ ವೇಗವನ್ನು ಕಾಯುತ್ತಿದ್ದ ದೇಹ ಬದಲಾಗಿದೆ. ನಮ್ಮಂಥ ಅನುಭವಸ್ಥರಿಗೆ ಪೆಟ್ಟಾಗುವುದು ಬಹಳ ಸಲ ಇಲ್ಲೇ.

ಹಾಗಂತ ಕೆಲಸ ಬಿಡಬೇಕಾಗಿಲ್ಲ. ಮೊದಲು ಬಲದಿಂದ, ಚುರುಕಿನಿಂದ ಮಾಡುತ್ತಿದ್ದುದನ್ನೆಲ್ಲ ಈಗ ಕ್ಲಾಂಪಿಗೆ, ದೀಪಕ್ಕೆ, ಮೇಜಿಗೆ, ಗಡಿಯಾರಕ್ಕೆ ಒಪ್ಪಿಸಬೇಕು. ಅದನ್ನು ಒಂದೊಂದೇ ಹೆಜ್ಜೆಯಾಗಿ ಬರೆಯುತ್ತೇನೆ. ನನ್ನದು ಮರಗೆಲಸ. ಕುಂಬಾರಿಕೆ, ಹೊಲಿಗೆ, ಚರ್ಮದ ಕೆಲಸ, ಲೋಹದ ಕೆಲಸ ಮಾಡುವವರಿಗೂ ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಂದುತ್ತದೆ.

1. ಮೊದಲು ಎರಡು ವಾರ ಬರೆದಿಡಿ

ಏನನ್ನೂ ಬದಲಾಯಿಸುವ ಮೊದಲು ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಎಲ್ಲಿ ನೋವಾಯಿತು, ಯಾವ ಉಪಕರಣ ಹಿಡಿದಾಗ, ಎಷ್ಟು ಹೊತ್ತಿನ ಮೇಲೆ, ಮರುದಿನ ಬೆಳಗ್ಗೆಯೂ ಇತ್ತಾ, ಇಷ್ಟು ಬರೆಯಿರಿ. "ಕೈ ನೋವು" ಅಂತ ಮಾತ್ರ ಬರೆದರೆ ಉಪಯೋಗವಿಲ್ಲ, ಎಲ್ಲಿ ಅನ್ನುವುದರಲ್ಲೇ ಸುಳಿವು ಇರುತ್ತದೆ.

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗಿ, ಕೈ ಕೊಡವಿದ ಮೇಲೆ ಸರಿಹೋಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತುತ್ತಿರಬಹುದು. ಇದಕ್ಕೆ ಕಾರ್ಪಲ್ ಟನಲ್ ಅನ್ನುತ್ತಾರೆ. ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿದರೆ ಒತ್ತಡ ಹೆಚ್ಚಾಗಿ ಮೊಣಕೈ ಹತ್ತಿರ, ಮೇಜಿನ ಅಂಚಿಗೆ ಮೊಣಕೈ ಊರಿ ಕೆಲಸ ಮಾಡುವವರಿಗೆ ಇದು ಬರುತ್ತದೆ. ಬೆರಳು ಮಡಚಿ ಬಿಡಿಸುವಾಗ ಕಟ್ ಅಂತ ಸಿಕ್ಕಿಕೊಂಡರೆ ಅದು ಟ್ರಿಗರ್ ಫಿಂಗರ್. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹತ್ತಿರ ನೋವಿದ್ದರೆ ಅಲ್ಲಿನ ಕೀಲು ಸವೆದಿರಬಹುದು. ಬೆರಳ ತುದಿಯಲ್ಲಿ ಒಂದು ಕಿಲೋದಷ್ಟು ಬಲದಲ್ಲಿ ಚಿವುಟಿ ಹಿಡಿದರೆ ಆ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋದಷ್ಟು ಒತ್ತಡ ಬೀಳುತ್ತದೆ. ಸಣ್ಣ ತುಂಡನ್ನು ಚಿವುಟಿ ಹಿಡಿದು ಗಂಟೆಗಟ್ಟಲೆ ಮರಳು ಕಾಗದ ಉಜ್ಜಿದ ಮೇಲೆ ಕೈ ಯಾಕೆ ಹಾಗೆ ಅಳುತ್ತದೆ ಅಂತ ನನಗೆ ಗೊತ್ತಾಗಿದ್ದು ಇದನ್ನು ತಿಳಿದ ಮೇಲೆ.

ಜೋಮು ಕೆಲವು ವಾರ ಬಿಡದೆ ಇದ್ದರೆ ವೈದ್ಯರ ಹತ್ತಿರ ಹೋಗಿ. ತಡ ಮಾಡಿದರೆ ಹೆಬ್ಬೆರಳಿನ ಬುಡದ ಮಾಂಸವೇ ಕರಗುತ್ತದೆ, ಆಮೇಲೆ ಹಿಡಿತ ವಾಪಸ್ ಬರುವುದು ಕಷ್ಟ. ಹೋದಾಗ ನೋಟ್‌ಬುಕ್ ತೋರಿಸಿ. ನೀವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನೂ ಮುಂದಿಟ್ಟು ಎರಡೇ ಪ್ರಶ್ನೆ ಕೇಳಿ: ಇದರಲ್ಲಿ ಮಂಪರು ತರುವುದು ಯಾವುದು? ಗಾಯವಾದರೆ ರಕ್ತ ಜಾಸ್ತಿ ಹೊತ್ತು ಸುರಿಯುವಂತೆ ಮಾಡುವುದು ಯಾವುದು? ನೆಗಡಿ, ಅಲರ್ಜಿಗೆ ಕೊಡುವ ಎಷ್ಟೋ ಮಾತ್ರೆಗಳು ಮಂಪರು ತರುತ್ತವೆ, ಅವನ್ನು ತಗೊಂಡ ದಿನ ಯಂತ್ರ ಮುಟ್ಟಬೇಡಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಇವನ್ನು ನೀವಾಗಿಯೇ ನಿಲ್ಲಿಸುವುದು ಗಾಯಕ್ಕಿಂತ ದೊಡ್ಡ ಅಪಾಯ, ಅದನ್ನು ಮಾತ್ರ ಮಾಡಬೇಡಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿ 10 ವರ್ಷ ದಾಟಿದ್ದರೆ ಅದೇ ಭೇಟಿಯಲ್ಲಿ ಕೇಳಿ ಹಾಕಿಸಿಕೊಳ್ಳಿ.

2. ಬೆಳಕು ಹೆಚ್ಚಿಸಿ, ಕೆಲಸಕ್ಕೇ ಒಂದು ಕನ್ನಡಕ ಮಾಡಿಸಿ

60ರ ವಯಸ್ಸಿನಲ್ಲಿ ಕಣ್ಣಿನ ಒಳಪರದೆಗೆ ತಲುಪುವ ಬೆಳಕು 20ರಲ್ಲಿ ತಲುಪುತ್ತಿದ್ದುದರ ಸುಮಾರು ಮೂರನೇ ಒಂದು ಭಾಗ. ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಹಾಗಾಗಿ ಮೊದಲು ಸಾಕಾಗುತ್ತಿದ್ದ ಒಂದು ದೀಪ ಈಗ ಸಾಲದು. ಚಾವಣಿಯ ದೀಪದ ಜೊತೆಗೆ, ಬೇಕಾದ ಕಡೆ ತಿರುಗಿಸುವಂಥ ದೀಪ ಒಂದನ್ನು ಮೇಜಿಗೆ ಹಾಕಿ. ಬಲಗೈಯವರಾದರೆ ಎಡಗಡೆಯಿಂದ ಬೆಳಕು ಬರಲಿ, ಇಲ್ಲವಾದರೆ ನಿಮ್ಮ ಕೈಯ ನೆರಳೇ ಗೆರೆಯ ಮೇಲೆ ಬೀಳುತ್ತದೆ. ತಿರುಗುವ ಯಂತ್ರದ ಹತ್ತಿರ ಮಿನುಗುವ ಹಳೆಯ ಟ್ಯೂಬ್‌ಲೈಟ್ ಬೇಡ. ಆ ಮಿನುಗಿಗೆ ಬ್ಲೇಡ್ ನಿಂತ ಹಾಗೆ ಕಾಣುವುದುಂಟು.

ಕನ್ನಡಕದ ವಿಷಯ ಸ್ವಲ್ಪ ನಿಂತು ಹೇಳಬೇಕು. ಓದುವ ಕನ್ನಡಕ ಪುಸ್ತಕದ ದೂರಕ್ಕೆ ಮಾಡಿದ್ದು, ಮೇಜಿನ ಮೇಲಿನ ಮರ ಅದಕ್ಕಿಂತ ದೂರ ಇರುತ್ತದೆ. ಬೈಫೋಕಲ್ ಹಾಕಿದರೆ ಸ್ಪಷ್ಟವಾಗಿ ಕಾಣಲು ಗದ್ದ ಎತ್ತಬೇಕು, ದಿನವೆಲ್ಲ ಹಾಗೆ ಎತ್ತಿ ಕತ್ತು ಹಿಡಿಯುತ್ತದೆ. ನಾನು ಮಾಡಿದ್ದು ಇಷ್ಟು: ಕೆಲಸ ಮಾಡುವ ಭಂಗಿಯಲ್ಲಿ ನಿಂತು, ಕಣ್ಣಿನಿಂದ ಮರದವರೆಗೆ ಬೇರೆಯವರ ಕೈಯಲ್ಲಿ ಟೇಪ್ ಹಿಡಿಸಿ ಅಳೆಸಿದೆ. 58 ಸೆಂಟಿಮೀಟರ್ ಬಂತು. ಕಣ್ಣು ಪರೀಕ್ಷೆಗೆ ಹೋದಾಗ ಆ ಅಳತೆ ಹೇಳಿ ಅದೇ ದೂರಕ್ಕೆ ಒಂದೇ ಪವರಿನ ಕನ್ನಡಕ ಮಾಡಿಸಿಕೊಂಡೆ. ಪೆನ್ಸಿಲ್ ಗೆರೆಯ ಎರಡೂ ಅಂಚು ಮತ್ತೆ ಬೇರೆ ಬೇರೆಯಾಗಿ ಕಂಡ ದಿನ ಸಿಕ್ಕ ಸಂತೋಷ ದೊಡ್ಡದು. ಒಂದು ಎಚ್ಚರಿಕೆ. ಪವರಿನ ಕನ್ನಡಕ ಇದ್ದ ಮಾತ್ರಕ್ಕೆ ಕಣ್ಣಿಗೆ ರಕ್ಷಣೆ ಸಿಗುವುದಿಲ್ಲ. ಅದರ ಮೇಲೆ ಬದಿಗಳನ್ನೂ ಮುಚ್ಚುವ ರಕ್ಷಣಾ ಕನ್ನಡಕ ಹಾಕಲೇಬೇಕು.

3. ಮೇಜು, ನೆಲ, ಕುರ್ಚಿ

ಎಲ್ಲ ಕೆಲಸಕ್ಕೂ ಒಂದೇ ಎತ್ತರದ ಮೇಜು ಬೆನ್ನು ಮುರಿಯುತ್ತದೆ. ನೇರ ನಿಂತು ಮೊಣಕೈ ಮಡಚಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ಗುರುತು ಹಾಕುವ, ಕೆತ್ತುವ ಸೂಕ್ಷ್ಮ ಕೆಲಸಕ್ಕೆ ಮೇಜು ಅದಕ್ಕಿಂತ 5ರಿಂದ 10 ಸೆಂಟಿಮೀಟರ್ ಮೇಲಿರಬೇಕು. ಉಜ್ಜುಗೊರಡು ಹಾಕುವಂಥ ಮೈಭಾರ ಬೇಡುವ ಕೆಲಸಕ್ಕೆ 20 ಸೆಂಟಿಮೀಟರಿಗಿಂತ ಜಾಸ್ತಿ ಕೆಳಗಿರಬೇಕು. ಎರಡು ಮೇಜು ಬೇಕಿಲ್ಲ. ಇರುವ ಮೇಜಿನ ಮೇಲೆ ಕ್ಲಾಂಪ್ ಹಾಕಿ ಕೂರಿಸುವಂಥ ಒಂದು ಗಟ್ಟಿ ಪೆಟ್ಟಿಗೆ ಮಾಡಿಕೊಂಡರೆ ಸಾಕು.

ನೆಲದ ಮೇಲೆ ವೈರ್ ಎಳೆಯಬೇಡಿ. ತುಂಡು ಮರ ಕಾಲ ಹತ್ತಿರ ಬಿಡಬೇಡಿ. ನುಣುಪು ನೆಲದ ಮೇಲೆ ಮರದ ಪುಡಿ ಬಿದ್ದರೆ ಎಣ್ಣೆ ಚೆಲ್ಲಿದ ಹಾಗೆ ಜಾರುತ್ತದೆ. ನಮ್ಮ ವಯಸ್ಸಿನಲ್ಲಿ ಬಿದ್ದರೆ ಸೊಂಟದ ಮೂಳೆಗೇ ಬರುತ್ತದೆ, ಅದೂ ಉಳಿ ಹಿಡಿದುಕೊಂಡು ಬಿದ್ದರೆ ಹೇಗೆ ಯೋಚಿಸಿ. ಎತ್ತರದ ಒಂದು ಸ್ಟೂಲ್ ಇಡಿ. ಕೂತು ಮಾಡಬಹುದಾದ ಕೆಲಸವನ್ನು ಕೂತೇ ಮಾಡಿ, ಅದರಲ್ಲಿ ನಾಚಿಕೆಯೇನೂ ಇಲ್ಲ.

4. ಮರವನ್ನು ಕೈಯಲ್ಲಿ ಹಿಡಿಯುವುದು ನಿಲ್ಲಿಸಿ

ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ. ಉಳಿಯ ಬಾಯಿಯ ಮುಂದೆ ನಿಮ್ಮ ದೇಹದ ಯಾವ ಭಾಗವೂ ಇರಬಾರದು. ಬೆರಳು, ಅಂಗೈ, ತೊಡೆ, ಯಾವುದೂ. ಎರಡೂ ಕೈ ಉಳಿಯ ಬಾಯಿಯ ಹಿಂದೆ. ಹಾಗೆ ಆಗಬೇಕಾದರೆ ಮರವನ್ನು ಬೇರೆ ಏನೋ ಹಿಡಿದಿರಬೇಕು: ವೈಸ್, ಕ್ಲಾಂಪ್, ಅಥವಾ ಮೇಜಿನ ಅಂಚಿಗೆ ಸಿಕ್ಕಿಸುವ ತಡೆಹಲಗೆ.

ಆ ತಡೆಹಲಗೆಯನ್ನು ಅರ್ಧ ಗಂಟೆಯಲ್ಲಿ ಮಾಡಬಹುದು. ಸುಮಾರು 30 ಸೆಂಟಿಮೀಟರ್ ಉದ್ದದ ಒಂದು ಚಪ್ಪಟೆ ಹಲಗೆ. ಅದರ ಒಂದು ತುದಿಯಲ್ಲಿ ಮೇಲ್ಗಡೆ ಒಂದು ಪಟ್ಟಿ, ಇನ್ನೊಂದು ತುದಿಯಲ್ಲಿ ಕೆಳಗಡೆ ಒಂದು ಪಟ್ಟಿ. ಕೆಳಗಿನ ಪಟ್ಟಿ ಮೇಜಿನ ಅಂಚಿಗೆ ತಗುಲಿ ನಿಲ್ಲುತ್ತದೆ, ಮೇಲಿನ ಪಟ್ಟಿಗೆ ಕೆಲಸದ ತುಂಡನ್ನು ಒತ್ತಿ ಗರಗಸ ಹಾಕಬಹುದು. ನನ್ನದಕ್ಕೆ ಮೇಲೆ ಮರಳು ಕಾಗದ ಅಂಟಿಸಿದ್ದೇನೆ, ತುಂಡು ಜಾರುವುದಿಲ್ಲ. ಹಿಡಿಯಲು ಮುಕ್ಕಾಲು ಭಾಗ ಕಡಿಮೆ ಬಲ ಸಾಕಾಗುತ್ತದೆ ಅಂತ ನನ್ನ ಹೆಬ್ಬೆರಳು ಹೇಳುತ್ತದೆ.

ಕ್ಲಾಂಪ್ ದೂರದಲ್ಲಿದ್ದರೆ ನಾವು ಹಾಕುವುದಿಲ್ಲ, ಅದು ಮನುಷ್ಯ ಸ್ವಭಾವ. ನಾನು ಅವತ್ತು ಹಾಕದೆ ಇದ್ದದ್ದಕ್ಕೆ ಕಾರಣವೂ ಅದೇ, ಅದು ನಾಲ್ಕು ಹೆಜ್ಜೆ ಆಚೆ ಗೋಡೆಯ ಮೇಲಿತ್ತು. ಈಗ ಎರಡು ಕ್ಲಾಂಪ್ ಯಾವಾಗಲೂ ಮೇಜಿನ ಅಂಚಿಗೇ ಕಚ್ಚಿಕೊಂಡಿರುತ್ತವೆ. ತಿರುಪು ತಿರುಗಿಸಲು ಹೆಬ್ಬೆರಳು ನೋಯುವವರು ಒಂದೇ ಕೈಯಲ್ಲಿ ಹಿಂಡಿ ಬಿಗಿಯುವ ಕ್ಲಾಂಪ್ ತೆಗೆದುಕೊಳ್ಳಿ.

ಇದರ ಜೊತೆಗೇ ಬರುವ ಮಾತು ಹರಿತ. ಮೊಂಡು ಉಳಿಗೆ ಬಲ ಜಾಸ್ತಿ ಬೇಕು, ಬಲ ಜಾಸ್ತಿ ಹಾಕಿದಾಗಲೇ ಅದು ಜಾರುವುದು. ಮೊದಲು ಮೊಂಡು ಉಳಿಯನ್ನೂ ತೋಳಿನ ಬಲದಲ್ಲಿ ನಿಭಾಯಿಸುತ್ತಿದ್ದೆವು, ಈಗ ಆಗುವುದಿಲ್ಲ. ಬಾಯಿಯ ಕೋನ 25ರಿಂದ 30 ಡಿಗ್ರಿ ಇಟ್ಟು, ಅರ್ಧ ಗಂಟೆಗೊಮ್ಮೆ ಸಾಣೆ ಕಲ್ಲಿನ ಮೇಲೆ ಎರಡು ಮೂರು ಸಲ ಎಳೆದುಬಿಡಿ. ಅಷ್ಟು ಹೊತ್ತು ಬೆರಳಿಗೂ ಬಿಡುವು ಸಿಗುತ್ತದೆ.

ಹಿಡಿಗಳನ್ನು ದಪ್ಪ ಮಾಡಿ. ಸೈಕಲ್ಲಿನ ಹಳೆಯ ಟ್ಯೂಬ್ ಕತ್ತರಿಸಿ ಸುತ್ತಿದರೂ ಆದೀತು. ತೆಳು ಹಿಡಿಯನ್ನು ಬೆರಳು ಬಿಗಿದು ಹಿಡಿಯಬೇಕು, ದಪ್ಪ ಹಿಡಿಯಾದರೆ ಅಂಗೈಯೇ ಹಿಡಿದುಕೊಳ್ಳುತ್ತದೆ.

5. ಯಂತ್ರಗಳು

ಟೇಬಲ್ ಸಾ, ಅಂದರೆ ಮೇಜಿನ ನಡುವಿನಿಂದ ದುಂಡು ಬ್ಲೇಡ್ ಮೇಲೆದ್ದು ತಿರುಗುವ ಗರಗಸ, ಇರುವವರು ಈ ಲೆಕ್ಕ ನೋಡಿ. 10 ಇಂಚಿನ ಬ್ಲೇಡ್ ನಿಮಿಷಕ್ಕೆ 4000 ಸುತ್ತು ತಿರುಗಿದರೆ ಅದರ ಹಲ್ಲಿನ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಏನೋ ತಪ್ಪಾಯಿತು ಅಂತ ತಿಳಿದು ಕೈ ಹಿಂದೆಳೆಯಲು ನಮಗೆ ಕಾಲು ಸೆಕೆಂಡ್ ಬೇಕು ಅಂದುಕೊಳ್ಳಿ. ಅಷ್ಟರಲ್ಲಿ 40 ಹಲ್ಲಿನ ಬ್ಲೇಡಿನ 600ಕ್ಕೂ ಹೆಚ್ಚು ಹಲ್ಲುಗಳು ಅದೇ ಜಾಗದಲ್ಲಿ ಹಾದುಹೋಗಿರುತ್ತವೆ. ಚುರುಕಾಗಿದ್ದೇನೆ ಅನ್ನುವ ನಂಬಿಕೆ 25ರ ಹುಡುಗನನ್ನೂ ಕಾಪಾಡುವುದಿಲ್ಲ, ನಮ್ಮ ಮಾತು ಬಿಡಿ.

ಅದಕ್ಕೇ ಮೊದಲೇ ವ್ಯವಸ್ಥೆ ಇರಬೇಕು. ಬ್ಲೇಡಿನ ಮೇಲಿನ ಮುಚ್ಚಳ ತೆಗೆಯಬೇಡಿ. ಬ್ಲೇಡಿನ ಹಿಂದಿರುವ ತೆಳು ಲೋಹದ ಪಟ್ಟಿ, ರೈವಿಂಗ್ ನೈಫ್, ಇರಲೇಬೇಕು. ಕೊಯ್ದ ಮರ ಮತ್ತೆ ಕೂಡಿಕೊಂಡು ಬ್ಲೇಡನ್ನು ಕಚ್ಚದ ಹಾಗೆ ತಡೆಯುವುದು ಅದೇ. ಕಚ್ಚಿದರೆ ಹಲಗೆ ಹಿಂದಕ್ಕೆ ಚಿಮ್ಮಿ ಹೊಟ್ಟೆಗೆ ಬಡಿಯುತ್ತದೆ, ಅಥವಾ ಕೈಯನ್ನು ಬ್ಲೇಡಿನ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಬ್ಲೇಡಿನ ನೇರಕ್ಕೆ ನಿಲ್ಲಬೇಡಿ, ಒಂದು ಬದಿಗೆ ನಿಲ್ಲಿ. ಕೈ ಮತ್ತು ಬ್ಲೇಡಿನ ನಡುವೆ ಕನಿಷ್ಠ 15 ಸೆಂಟಿಮೀಟರ್ ಇರಬೇಕು ಅನ್ನುವುದು ನನ್ನ ನಿಯಮ, ಅದಕ್ಕಿಂತ ಹತ್ತಿರವಾದರೆ ತಳ್ಳುಕೋಲು. ಆ ಕೋಲನ್ನು ಯಂತ್ರಕ್ಕೇ ಒಂದು ಮೊಳೆ ಹೊಡೆದು ನೇತುಹಾಕಿ, ಹುಡುಕುವ ಹಾಗಿರಬಾರದು. ತಿರುಗುವ ಯಂತ್ರದ ಮುಂದೆ ಕೈಗವಸು ಬೇಡ, ಸಡಿಲ ತೋಳಿನ ಅಂಗಿ ಬೇಡ, ಉಂಗುರ ಬೇಡ.

ಬೆರಳು ತಗುಲಿದ ಕೂಡಲೇ ಬ್ಲೇಡ್ ನಿಲ್ಲಿಸುವ ಯಂತ್ರಗಳೂ ಬಂದಿವೆ. ಸಾಸ್ಟಾಪ್ ಅನ್ನುವುದು ಚರ್ಮದ ಸ್ಪರ್ಶವನ್ನು ವಿದ್ಯುತ್ ಸಂಕೇತದಿಂದ ಗುರುತಿಸಿ 5 ಮಿಲಿಸೆಕೆಂಡಿನ ಒಳಗೆ ಬ್ಲೇಡನ್ನು ಹಿಡಿದು ನಿಲ್ಲಿಸುತ್ತದೆ. ಆಗ ಬ್ರೇಕಿನ ಭಾಗ ಬದಲಾಯಿಸಬೇಕು, ಬ್ಲೇಡೂ ಸಾಮಾನ್ಯವಾಗಿ ಹಾಳಾಗುತ್ತದೆ. ಬೆರಳು ಉಳಿಯುತ್ತದೆ. ಅದು ಕೈಗೆಟುಕದವರಿಗೆ ನನ್ನ ಸಲಹೆ ಬ್ಯಾಂಡ್ ಸಾ, ಅಂದರೆ ಪಟ್ಟಿಯಂಥ ಉದ್ದ ಬ್ಲೇಡ್ ಸುತ್ತುವ ಗರಗಸ. ಅದರಲ್ಲಿ ಬ್ಲೇಡ್ ಮರವನ್ನು ಮೇಜಿನ ಕಡೆಗೇ, ಕೆಳಕ್ಕೆ ಒತ್ತುವುದರಿಂದ ಹಲಗೆ ನಿಮ್ಮ ಮೇಲೆ ಚಿಮ್ಮುವುದಿಲ್ಲ. ಬೆರಳು ಕೊಯ್ಯುವ ಶಕ್ತಿ ಅದಕ್ಕೂ ಇದೆ, ಅಲ್ಲಿಯೂ ತಳ್ಳುಕೋಲು ಬೇಕು.

ಕಿವಿ, ಮೂಗು ಮರೆಯಬೇಡಿ. ಕಿವಿಗೆ ಏನೂ ಹಾಕದೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು ಅನ್ನುವ ಲೆಕ್ಕವಿದೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ ಹತ್ತಿರ ಹೋಗುವ, ಮರದಲ್ಲಿ ತೋಡು ಕೊರೆಯುವ ರೂಟರ್ ಯಂತ್ರದ ಮುಂದೆ 15 ನಿಮಿಷವೇ ಮಿತಿ. ಈಗಾಗಲೇ ಕಿವಿ ಮಂದವಾಗಿದ್ದರೆ ಉಳಿದಷ್ಟನ್ನು ಕಾಯುವುದು ಇನ್ನೂ ಮುಖ್ಯ, ಮೋಟಾರಿನ ಸದ್ದು ಬದಲಾದದ್ದು ಕೇಳಿಸದಿದ್ದರೆ ಅದೇ ಒಂದು ಅಪಾಯ. ಮರದ ಪುಡಿಯನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಎನ್95 ಮಾಸ್ಕ್ ಹಾಕಿ. ಪುಡಿಯನ್ನು ಗಾಳಿ ಊದಿ ಹಾರಿಸಬೇಡಿ, ವ್ಯಾಕ್ಯೂಮ್‌ನಲ್ಲಿ ಎಳೆಯಿರಿ.

6. ಯಾವಾಗ ನಿಲ್ಲಿಸಬೇಕು ಅಂತ ಮೊದಲೇ ತೀರ್ಮಾನಿಸಿ

ಸುಸ್ತಾದ ತಲೆಗೆ ಸುಸ್ತಾಗಿದೆ ಅಂತ ಗೊತ್ತಾಗುವುದಿಲ್ಲ. "ಇನ್ನೊಂದೇ ಒಂದು ತುಂಡು, ಮುಗಿಸಿಬಿಡೋಣ" ಅನ್ನುವ ಮಾತು ಮನಸ್ಸಿಗೆ ಬಂತು ಅಂದರೆ ಆಗಲೇ ತಡವಾಗಿದೆ. ಹಾಗಾಗಿ ತೀರ್ಮಾನವನ್ನು ಬೆಳಗ್ಗೆ ಮಾಡಿ, ಗಡಿಯಾರಕ್ಕೆ ಕೊಡಿ. ನನಗೆ ಯಂತ್ರದ ಕೆಲಸ ಮಧ್ಯಾಹ್ನದ ಒಳಗೆ ಮಾತ್ರ. ಸಂಜೆಗೆ ಅಳತೆ, ಗುರುತು ಹಾಕುವುದು, ಮರಳು ಕಾಗದ, ಎಣ್ಣೆ ಹಚ್ಚುವುದು. ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ತಾನಾಗಿಯೇ ಬೆಂಕಿ ಹತ್ತಿಕೊಳ್ಳುತ್ತದೆ. ಹೊರಗೆ ಹರಡಿ ಒಣಗಿಸಿ. ವಯಸ್ಸಾದಂತೆ ಮೂಗೂ ಮಂದವಾಗುತ್ತದೆ, ಹೊಗೆಯ ವಾಸನೆ ಬಂದಾಗ ನೋಡೋಣ ಅಂತ ಕೂರಬೇಡಿ.

25 ನಿಮಿಷಕ್ಕೆ ಅಲಾರಾಂ ಇಡಿ. ಹೊಡೆದ ಕೂಡಲೇ ಉಪಕರಣ ಕೆಳಗಿಟ್ಟು ನೀರು ಕುಡಿದು ಬನ್ನಿ, ಬಾಯಾರಿಕೆ ಅನ್ನಿಸಲಿ ಬಿಡಲಿ. ನಮ್ಮ ವಯಸ್ಸಿನಲ್ಲಿ ಬಾಯಾರಿಕೆಯ ಸೂಚನೆ ತಡವಾಗಿ ಬರುತ್ತದೆ. ಚಳಿಯ ದಿನ ಕೆಲಸಕ್ಕೆ ಮೊದಲು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಕೈ ಇಟ್ಟು ಮುಷ್ಟಿ ಮಡಚಿ ಬಿಡಿಸಿ.

7. ಎತ್ತುವುದು

ಚಿಕ್ಕದಾಗಿ ಹೇಳುತ್ತೇನೆ. 8 ಅಡಿ ಉದ್ದ, 4 ಅಡಿ ಅಗಲ, 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಾಳೆ 30 ಕಿಲೋ ದಾಟುತ್ತದೆ. ಒಬ್ಬರೇ ಎತ್ತಬೇಡಿ. ಕೊಳ್ಳುವಾಗಲೇ ಎರಡು ಮೂರು ತುಂಡು ಮಾಡಿಸಿಕೊಂಡು ಬನ್ನಿ. ಏನನ್ನೇ ಎತ್ತಿದರೂ ಮೈಗೆ ಹತ್ತಿರ ಹಿಡಿದು, ಮಂಡಿ ಮಡಚಿ ಎತ್ತಿ, ಎತ್ತಿದ ಮೇಲೆ ಸೊಂಟ ತಿರುಚದೆ ಪಾದ ತಿರುಗಿಸಿ. ಭಾರದ ಯಂತ್ರಗಳಿಗೆ ಚಕ್ರ ಹಾಕಿಸಿ, ಲಾಕ್ ಆಗುವಂಥ ಚಕ್ರ.

8. ಒಬ್ಬರೇ ಇರುವಾಗ, ಗಾಯವಾದಾಗ

ಫೋನ್ ಮೈಮೇಲೆ ಇರಲಿ, ಜೇಬಿನಲ್ಲಿ. ಒಂದೇ ಕೈಯಲ್ಲಿ, ಅಥವಾ ಧ್ವನಿಯಿಂದಲೇ ಕರೆ ಹೋಗುವ ಹಾಗೆ ಹೊಂದಿಸಿ ಒಮ್ಮೆ ಪರೀಕ್ಷಿಸಿ. ಬಾಗಿಲಿಗೆ ಒಳಗಿಂದ ಚಿಲಕ ಬೇಡ. ಯಂತ್ರ ಚಾಲೂ ಮಾಡುವ ಮೊದಲು ಮನೆಯವರಿಗೋ ಪಕ್ಕದವರಿಗೋ ಒಂದು ಮಾತು ಹೇಳಿ: "ಒಂದು ಗಂಟೆ ಬಿಟ್ಟು ಒಮ್ಮೆ ಕೂಗಿ ನೋಡಿ." ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಒಂಟಿ ಕೈಯಲ್ಲಿ ತೆರೆಯುವಂತಿರಲಿ, ಎದೆಯ ಎತ್ತರದಲ್ಲಿ. ನನ್ನದು ಆಗ ಕಪಾಟಿನ ಮೇಲೆ, ಅದೂ ಜಿಪ್ ಇರುವ ಚೀಲದಲ್ಲಿತ್ತು. ರಕ್ತದ ಕೈಯಲ್ಲಿ ಜಿಪ್ ಎಳೆಯಲು ಆಗುವುದಿಲ್ಲ.

ಕೊಯ್ದರೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲೆತ್ತಿ ಕೂತುಕೊಳ್ಳಿ. ನಿಂತಿತಾ ಅಂತ ಮಧ್ಯೆ ಮಧ್ಯೆ ತೆಗೆದು ನೋಡಬೇಡಿ, ಗಡಿಯಾರ ನೋಡಿ ಪೂರ್ತಿ 10 ನಿಮಿಷ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಡಿ. ಬೆರಳಿಗೆ ಪೆಟ್ಟಾದರೆ ಊತ ಬರುವ ಮೊದಲೇ ಉಂಗುರ ತೆಗೆಯಿರಿ. ರಕ್ತ ನಿಲ್ಲದಿದ್ದರೆ, ಬೆರಳ ತುದಿ ಮರಗಟ್ಟಿದರೆ, ಬೆರಳು ಮಡಚಲು ಬಾರದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಗಾಯ ಚಿಕ್ಕದಾಗಿ ಕಂಡರೂ ಒಳಗೆ ನರವೋ ಸ್ನಾಯುರಜ್ಜುವೋ ಕತ್ತರಿಸಿರಬಹುದು. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ.

ಬೆರಳೇ ತುಂಡಾದರೆ ಆ ತುಂಡನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಹಾಕಿದ ನೀರಿನಲ್ಲಿಡಿ. ಐಸ್ ನೇರವಾಗಿ ಬೆರಳಿಗೆ ತಾಗಬಾರದು, ತಾಗಿದರೆ ಮಾಂಸ ಸಾಯುತ್ತದೆ. ಇದನ್ನು ಮನೆಯವರಿಗೂ ಹೇಳಿಡಿ, ಆ ಹೊತ್ತಿಗೆ ನಿಮ್ಮ ತಲೆ ಓಡುವುದಿಲ್ಲ.

9. ಗಾಯವಾದ ಮೇಲೆ ವಾಪಸ್ ಬರುವುದು

ಕೈಯ ಹೊಲಿಗೆ ಬಿಚ್ಚಲು ಸಾಮಾನ್ಯವಾಗಿ 10ರಿಂದ 14 ದಿನ. ಸ್ನಾಯುರಜ್ಜು ಹೊಲಿದಿದ್ದರೆ ಭಾರದ ಕೆಲಸಕ್ಕೆ ಮೂರು ತಿಂಗಳು ಕಾಯಬೇಕಾಗುತ್ತದೆ. ಫಿಸಿಯೋಥೆರಪಿಯವರು ಹೇಳಿದ ಬೆರಳಿನ ವ್ಯಾಯಾಮ ಬಿಡಬೇಡಿ. ಬೇಸರದ ಕೆಲಸ ಅದು, ನಿಜ. ಬಿಟ್ಟರೆ ಬೆರಳು ಗಡುಸಾಗಿ ನಿಂತುಬಿಡುತ್ತದೆ. ವಾಪಸ್ ಬಂದಾಗ ದಿನಕ್ಕೆ ಹದಿನೈದು ನಿಮಿಷ, ಮೆದು ಮರ, ಕೈ ಉಪಕರಣ ಮಾತ್ರ. ಮರುದಿನ ಊತ ಇಲ್ಲದಿದ್ದರೆ ಹದಿನೈದು ನಿಮಿಷ ಸೇರಿಸಿ.

ಕೆಲವು ಕೆಲಸಗಳನ್ನು ಬಿಡಬೇಕಾಗಿಯೂ ಬರಬಹುದು. ಜೇಮ್ಸ್ ಕ್ರೆನೋವ್ (1920–2009) ಹೆಸರಾಂತ ಪೀಠೋಪಕರಣ ಕುಶಲಕರ್ಮಿ. ಕಡೆಗಾಲದಲ್ಲಿ ಕಣ್ಣು ಮಂಜಾದಾಗ ಕಪಾಟು ಮಾಡುವುದನ್ನು ನಿಲ್ಲಿಸಿದರು, ಕೈಯ ಸ್ಪರ್ಶವನ್ನೇ ನಂಬಿ ಮರದ ಉಜ್ಜುಗೊರಡುಗಳನ್ನು ಮಾಡುತ್ತಾ ಹೋದರು. ನಾನು ದೊಡ್ಡ ಹಲಗೆಗಳ ಕೆಲಸ ಬಿಟ್ಟಿದ್ದೇನೆ. ಅದು ಸುಲಭವಾಗಿರಲಿಲ್ಲ. ಮೊದಲ ತಿಂಗಳು ಮೂಲೆಯಲ್ಲಿ ಒರಗಿಸಿಟ್ಟ ತೇಗದ ಹಲಗೆಗಳ ಕಡೆ ನೋಡಲೂ ಆಗುತ್ತಿರಲಿಲ್ಲ, ಆಮೇಲೆ ಅವನ್ನು ಒಬ್ಬ ಹುಡುಗನಿಗೆ ಕೊಟ್ಟೆ. ಭಾರದ್ದನ್ನು ಅವನು ಎತ್ತಿ ಕೊಯ್ಯುತ್ತಾನೆ, ಜೋಡಣೆಯ ಗುರುತು ನಾನು ಹಾಕಿಕೊಡುತ್ತೇನೆ.

ಹೊಲಿಗೆ ಬಿಚ್ಚಿ ಒಂದೂವರೆ ತಿಂಗಳಾದ ಮೇಲೆ ಆ ಮುಚ್ಚಳವನ್ನೇ ಮತ್ತೆ ಕೈಗೆತ್ತಿಕೊಂಡೆ. ಬೆಳಗಿನ ಹತ್ತು ಗಂಟೆ. ದೀಪ ಎಡಕ್ಕೆ, ಎರಡು ಕ್ಲಾಂಪ್, ಕೆಳಗೆ ಮರ ಕಲೆಯಾಗದ ಹಾಗೆ ಒಂದು ಚೂರು ಚರ್ಮ. ಉಳಿಯನ್ನು ಸಾಣೆ ಹಿಡಿದು, ಎರಡೂ ಕೈ ಹಿಂದಿಟ್ಟು ಮೆಲ್ಲಗೆ ತಳ್ಳಿದೆ. ಕ್ಲಾಂಪ್ ಹಾಕಲು ಒಂದು ನಿಮಿಷವೂ ಆಗಲಿಲ್ಲ. ಪದರ ಎರಡೇ ತಳ್ಳಿಗೆ ಸುರುಳಿಯಾಗಿ ಎದ್ದು ಬಂತು.